ರೋಯಿಂಗ್ ಯಂತ್ರ ಮತ್ತು ಬೆನ್ನಿನ ತರಬೇತಿ

ರೋಯಿಂಗ್ ಯಂತ್ರವು ದೋಣಿಗೆ ಹುಟ್ಟು ಹಾಕುವ ಚಲನೆಯನ್ನು ನೆಲದ ಮೇಲೆಯೇ ಮಾಡಿಸುವ ವ್ಯಾಯಾಮ ಸಾಧನ. ಜಾರುವ ಆಸನ, ಪಾದ ಊರಲು ಹಲಗೆ, ಎಳೆಯಲು ಹಿಡಿಕೆ, ಎಳೆತಕ್ಕೆ ತಡೆಯೊಡ್ಡುವ ಚಕ್ರ ಅಥವಾ ತೊಟ್ಟಿ, ಇವು ಅದರ ಮುಖ್ಯ ಅಂಗಗಳು. ಜಿಮ್‌ಗಳಲ್ಲಿ ಇದನ್ನು ಬೆನ್ನಿನ ಯಂತ್ರವೆಂದು ಪರಿಚಯಿಸುವ ರೂಢಿಯಿದೆ. ಹಿಡಿಕೆಯನ್ನು ಹೊಟ್ಟೆಯ ಕಡೆಗೆ ಎಳೆಯುವುದನ್ನು ಕಂಡವರಿಗೆ ಹಾಗೆ ತೋರುವುದು ಸಹಜ. ಆದರೆ ಯಂತ್ರದ ರಚನೆ, ಎಳೆತದ ಕ್ರಮ ಮತ್ತು ಬಲದ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಇಲ್ಲಿ ಬಲವನ್ನು ಹುಟ್ಟಿಸುವುದು ಮುಖ್ಯವಾಗಿ ಕಾಲು. ಬೆನ್ನಿನ ಕೆಲಸ ಆ ಬಲವನ್ನು ಸೋರದಂತೆ ಕೈಗೆ ತಲುಪಿಸುವುದು. ಆದ್ದರಿಂದ ಈ ಯಂತ್ರ ಬೆನ್ನಿಗೆ ಕೊಡುವುದು ಹೆಚ್ಚಾಗಿ ತಾಳಿಕೆಯನ್ನು. ದಪ್ಪ ಮತ್ತು ಗರಿಷ್ಠ ಬಲಕ್ಕೆ ಬೇಕಾದ ಭಾರ ಇದರಿಂದ ಸಿಗುವುದು ಕಡಿಮೆ.

ಹೆಸರು ಮತ್ತು ಪರಿಭಾಷೆ

‘ರೋಯಿಂಗ್’ ಎಂಬ ಒಂದೇ ಪದ ಜಿಮ್‌ನಲ್ಲಿ ಎರಡು ಬೇರೆ ಸಾಧನಗಳಿಗೆ ಸಲ್ಲುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿ. ಮೊದಲನೆಯದು ಕಬ್ಬಿಣದ ತೂಕದ ಬಿಲ್ಲೆಗಳಿಗೆ ಕಟ್ಟಿದ ಕೇಬಲ್ಲನ್ನು ಕುಳಿತು ಎಳೆಯುವ ಸಾಧನ. ಅದರಲ್ಲಿ ಆಸನ ಅಲುಗುವುದಿಲ್ಲ, ಕಾಲು ಬರಿಯ ಆನಿಕೆಗೆ ಮಾತ್ರ. ಈ ಲೇಖನದಲ್ಲಿ ಅದನ್ನು ಕೇಬಲ್ ರೋ ಎಂದು ಕರೆಯಲಾಗಿದೆ. ಎರಡನೆಯದು ಜಾರುವ ಆಸನದ ರೋಯಿಂಗ್ ಯಂತ್ರ. ಕ್ರೀಡಾಪಟುಗಳು ಇದನ್ನು ಎರ್ಗೋಮೀಟರ್, ಚಿಕ್ಕದಾಗಿ ಎರ್ಗ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ಮೆಟ್ರಾನ್’ ಎಂದರೆ ಅಳತೆ. ಹಾಗಾಗಿ ಇದು ಕೆಲಸವನ್ನು ಅಳೆಯುವ ಯಂತ್ರ. ಒಬ್ಬರು ಕೇಬಲ್ ರೋ ಮನಸ್ಸಿನಲ್ಲಿಟ್ಟುಕೊಂಡು ರೋಯಿಂಗ್‌ನಿಂದ ಬೆನ್ನು ಅಗಲವಾಗುತ್ತದೆ ಎಂದರೆ, ಕೇಳಿದವರು ಹೋಗಿ ಎರ್ಗ್ ಮೇಲೆ ಕುಳಿತುಕೊಳ್ಳುತ್ತಾರೆ. ಹೇಳಿದ ಮಾತು ಸರಿ, ಹತ್ತಿದ ಯಂತ್ರ ಬೇರೆ.

ದೋಣಿಗೆ ಸಂಬಂಧಿಸಿದ ಒಂದು ಭೇದವನ್ನೂ ಇಲ್ಲಿಯೇ ಗುರುತಿಸಬೇಕು. ಹಂಪಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವರ ಕೈಯಲ್ಲಿರುವ ಹುಟ್ಟು ದೋಣಿಗೆ ಕೂಡಿಸಿದ್ದಲ್ಲ. ಅದರ ಭಾರವೆಲ್ಲ ಕೈ, ಹೆಗಲುಗಳ ಮೇಲೆಯೇ. ರೋಯಿಂಗ್ ಕ್ರೀಡೆಯಲ್ಲಿ ಹುಟ್ಟು ದೋಣಿಯ ಪಕ್ಕದ ಕೀಲಿನಲ್ಲಿ ಕೂತಿರುತ್ತದೆ, ಹುಟ್ಟು ಹಾಕುವವರು ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತು ಕಾಲಿನಿಂದ ಒದ್ದು ಎಳೆಯುತ್ತಾರೆ. ರೋಯಿಂಗ್ ಯಂತ್ರ ಅನುಕರಿಸುವುದು ಈ ಎರಡನೆಯ ಬಗೆಯನ್ನು.

ಇತಿಹಾಸ

ನೆಲದ ಮೇಲೆ ಹುಟ್ಟು ಹಾಕಿಸುವ ಕಲ್ಪನೆ ಬಹಳ ಹಳೆಯದು. ಕ್ರಿ.ಪೂ. 4ನೇ ಶತಮಾನದ ಅಥೆನ್ಸಿನ ಸೇನಾನಿ ಕಾಬ್ರಿಯಾಸ್, ನೀರು ಕಾಣದ ಹೊಸಬರನ್ನು ದಡದಲ್ಲಿ ಮರದ ಚೌಕಟ್ಟುಗಳ ಮೇಲೆ ಕೂರಿಸಿ ತಾಳಕ್ಕೆ ಎಳೆಯುವುದನ್ನು ಕಲಿಸಿದನೆಂದು ಪ್ರಾಚೀನ ಲೇಖಕ ಪಾಲಿಯಾನಸ್ ಬರೆದಿದ್ದಾನೆ. ಆಧುನಿಕ ಯಂತ್ರಗಳು 19ನೇ ಶತಮಾನದವು. 1870ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ದ್ರವದ ಒತ್ತಡದಿಂದ ತಡೆಯೊಡ್ಡುವ ಮಾದರಿಗಳಿಗೆ ಪೇಟೆಂಟ್ ಸಿಕ್ಕಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ರೋಡ್ ಐಲೆಂಡಿನ ನ್ಯಾರಗ್ಯಾನ್ಸೆಟ್ ಮಷಿನ್ ಕಂಪನಿಯ ಯಂತ್ರಗಳು ವ್ಯಾಯಾಮಶಾಲೆಗಳಲ್ಲಿ ಸಾಮಾನ್ಯವಾಗಿದ್ದವು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲೂ ಒಂದು ರೋಯಿಂಗ್ ಯಂತ್ರವಿತ್ತು.

ಬೆನ್ನಿನ ದೃಷ್ಟಿಯಿಂದ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಯಂತ್ರದಲ್ಲಿ ಆದದ್ದಲ್ಲ, ದೋಣಿಯಲ್ಲಿ ಆದದ್ದು. ಅದು ಜಾರುವ ಆಸನ. ನ್ಯೂಯಾರ್ಕಿನ ಜಾನ್ ಬ್ಯಾಬ್‌ಕಾಕ್ ಮೊದಲಾದವರು ಇದರ ಪ್ರಯೋಗ ನಡೆಸಿದರು. 1873ರಲ್ಲಿ ಆಕ್ಸ್‌ಫರ್ಡ್–ಕೇಂಬ್ರಿಜ್ ಸ್ಪರ್ಧೆಯ ಎರಡೂ ತಂಡಗಳು ಇದನ್ನು ಬಳಸಿದವು. ಅದಕ್ಕೆ ಮೊದಲು ಆಸನ ನಿಂತಲ್ಲೇ ನಿಂತಿರುತ್ತಿತ್ತು. ಹುಟ್ಟನ್ನು ಉದ್ದಕ್ಕೆ ಎಳೆಯಬೇಕಾದರೆ ಸೊಂಟದಿಂದ ಮುಂದಕ್ಕೆ ಬಾಗಿ ಮೈಯನ್ನು ಹಿಂದಕ್ಕೆ ಬೀಸುವುದೊಂದೇ ದಾರಿ. ಆಗಿನ ರೋಯಿಂಗ್ ನಿಜಕ್ಕೂ ಬೆನ್ನಿನ ವ್ಯಾಯಾಮವೇ ಆಗಿತ್ತು. ಆಸನ ಜಾರಲು ಶುರುವಾದ ಮೇಲೆ ದೇಹದ ಅತಿ ದೊಡ್ಡ ಸ್ನಾಯುಗಳಾದ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಕೆಲಸಕ್ಕೆ ಇಳಿದವು, ದೋಣಿಯ ವೇಗ ಏರಿತು, ಬೆನ್ನಿನ ಪಾಲು ಇಳಿಯಿತು. ಹಾಗಾಗಿ ಜಾರುವ ಆಸನದ ಯಂತ್ರವನ್ನು ಬೆನ್ನಿನ ಯಂತ್ರವೆನ್ನುವವರು, ಬೆನ್ನಿನ ಪಾಲನ್ನು ಇಳಿಸಿದ ಸುಧಾರಣೆಗೆ ಅದೇ ಬೆನ್ನಿನ ಹೆಸರು ಕೊಟ್ಟಂತಾಗುತ್ತದೆ.

ಇಂದಿನ ಜಿಮ್ ಯಂತ್ರದ ನೇರ ಪೂರ್ವಜ 1981ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ತಯಾರಾಯಿತು. ಹುಟ್ಟುಗಳನ್ನು ತಯಾರಿಸುತ್ತಿದ್ದ ಡಿಕ್ ಮತ್ತು ಪೀಟರ್ ಡ್ರೈಸಿಗಾಕರ್ ಸಹೋದರರು ಸೈಕಲ್ ಚಕ್ರಕ್ಕೆ ಗಾಳಿ ಬೀಸುವ ರೆಕ್ಕೆಗಳನ್ನು ಕಟ್ಟಿ, ಸರಪಳಿಯಿಂದ ಅದನ್ನು ತಿರುಗಿಸುವ ಯಂತ್ರವನ್ನು ಮಾಡಿದರು. ಅವರ ಕಂಪನಿಯ ಹೆಸರು ಕಾನ್ಸೆಪ್ಟ್2. ಅಗ್ಗವಾಗಿದ್ದ, ಎಲ್ಲೆಡೆ ಒಂದೇ ರೀತಿ ಅಳೆಯಬಲ್ಲ ಆ ಯಂತ್ರ ಬಂದ ಮೇಲೆ ಬೇರೆ ಬೇರೆ ಊರುಗಳ ಕ್ರೀಡಾಪಟುಗಳ ಸಾಮರ್ಥ್ಯವನ್ನು ಹೋಲಿಸುವುದು ಸಾಧ್ಯವಾಯಿತು. ತಿರುಗುವ ನೀರಿನ ತೊಟ್ಟಿಯ ವಾಟರ್‌ರೋವರ್ ಅದೇ ದಶಕದ ಕೊನೆಯಲ್ಲಿ ಬಂತು.

ರಚನೆ

ಗಾಳಿಯಂತ್ರದಲ್ಲಿ ಹಿಡಿಕೆಗೆ ಕಟ್ಟಿದ ಸರಪಳಿ ಚಕ್ರದ ಅಚ್ಚಿನ ಹಲ್ಲುಗಳ ಮೇಲೆ ಹಾದು ಹೋಗುತ್ತದೆ. ಅಚ್ಚಿನಲ್ಲಿರುವುದು ಸೈಕಲ್ಲಿನ ಹಿಂದಿನ ಚಕ್ರದಲ್ಲಿರುವಂಥ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್. ಎಳೆದಾಗ ಚಕ್ರ ತಿರುಗುತ್ತದೆ. ಬಿಟ್ಟಾಗ ಚಕ್ರ ತನ್ನಷ್ಟಕ್ಕೆ ತಿರುಗುತ್ತಿದ್ದರೆ ಸರಪಳಿಯನ್ನು ಒಂದು ರಬ್ಬರ್ ಹಗ್ಗ ಒಳಕ್ಕೆ ಸೆಳೆದುಕೊಳ್ಳುತ್ತದೆ. ಈ ಚಿಕ್ಕ ಕ್ಲಚ್ಚಿನ ಪರಿಣಾಮ ದೊಡ್ಡದು. ಹಿಂದಕ್ಕೆ ಎಳೆಯುವಾಗ ಮಾತ್ರ ಸ್ನಾಯುವಿಗೆ ಭಾರ ಬೀಳುತ್ತದೆ, ಮುಂದಕ್ಕೆ ಮರಳುವಾಗ ಹೆಚ್ಚುಕಡಿಮೆ ಏನೂ ಇಲ್ಲ. ಕೇಬಲ್ ರೋನಲ್ಲಿ ಹಾಗಲ್ಲ. ಎಳೆದ ತೂಕವನ್ನು ಮೆಲ್ಲಗೆ ಇಳಿಸಬೇಕು, ಇಳಿಸುವಾಗ ಬೆನ್ನಿನ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಭಾರ ಹೊತ್ತು ಹಿಗ್ಗುವ ಈ ಕೆಲಸ ಸ್ನಾಯುವಿನ ಬೆಳವಣಿಗೆಗೆ ಬಲವಾದ ಪ್ರಚೋದನೆ. ರೋಯಿಂಗ್ ಯಂತ್ರದಲ್ಲಿ ಅದರ ಪಾಲು ಬಹುತೇಕ ಇಲ್ಲ. ಮಾರನೆಯ ದಿನ ಮೈನೋವು ಕಡಿಮೆ ಇರುವುದಕ್ಕೂ ಇದೇ ಒಂದು ಕಾರಣ.

ಚಕ್ರದ ಗೂಡಿನ ಪಕ್ಕದಲ್ಲಿ 1ರಿಂದ 10ರ ತನಕ ಗುರುತಿರುವ ಒಂದು ಸನ್ನೆ ಇರುತ್ತದೆ. ಅದರ ಹೆಸರು ಡ್ಯಾಂಪರ್. ಇದನ್ನು ತೂಕದ ಬಿಲ್ಲೆಯ ಸಂಖ್ಯೆಯಂತೆ ಭಾವಿಸಿ 10ಕ್ಕೆ ಏರಿಸುವುದು ಹೊಸಬರಲ್ಲಿ ಸರ್ವೇಸಾಮಾನ್ಯ. ವಾಸ್ತವದಲ್ಲಿ ಡ್ಯಾಂಪರ್ ನಿರ್ಧರಿಸುವುದು ಗೂಡಿನೊಳಗೆ ನುಗ್ಗುವ ಗಾಳಿಯ ಪ್ರಮಾಣವನ್ನು. ಗಾಳಿ ಹೆಚ್ಚಾದಂತೆ ಎರಡು ಎಳೆತಗಳ ನಡುವೆ ಚಕ್ರ ಬೇಗ ನಿಧಾನವಾಗುತ್ತದೆ, ಮುಂದಿನ ಎಳೆತದ ಆರಂಭ ಭಾರವೆನಿಸುತ್ತದೆ. ಅದು ಸೈಕಲ್ಲಿನ ಗೇರ್ ಇದ್ದಂತೆ. ಯಂತ್ರದ ಪರದೆಯಲ್ಲಿ ಕಾಣುವ ಡ್ರ್ಯಾಗ್ ಫ್ಯಾಕ್ಟರ್ ಎಂಬ ಸಂಖ್ಯೆ ಮಾತ್ರ ನಿಜವಾದ ಅಳತೆ, ಏಕೆಂದರೆ ಗೂಡಿನಲ್ಲಿ ದೂಳು ಕೂತ ಹಳೆಯ ಯಂತ್ರದ 5, ಹೊಸ ಯಂತ್ರದ 3ಕ್ಕೆ ಸಮನಾಗಿರಬಹುದು. ಹೆಚ್ಚಿನ ತರಬೇತುದಾರರು 100ರಿಂದ 130ರ ನಡುವಿನ ಡ್ರ್ಯಾಗ್ ಫ್ಯಾಕ್ಟರನ್ನು ಸೂಚಿಸುತ್ತಾರೆ.

ಎಳೆತದ ಹಂತಗಳು

ಒಂದು ಎಳೆತದಲ್ಲಿ ನಾಲ್ಕು ಹಂತಗಳಿವೆ: ಕ್ಯಾಚ್ ಎಂದರೆ ಹಿಡಿತ, ಡ್ರೈವ್ ಎಂದರೆ ಒದೆತ, ಫಿನಿಶ್ ಎಂದರೆ ಮುಕ್ತಾಯ, ರಿಕವರಿ ಎಂದರೆ ಮರಳುವಿಕೆ. ಹಿಡಿತದಲ್ಲಿ ಮೊಣಕಾಲು ಮಡಿಚಿ, ಮುಂಗಾಲಿನ ಮೂಳೆ ನೆಲಕ್ಕೆ ಲಂಬವಾಗಿ, ಮೈ ಸೊಂಟದ ಕೀಲಿನಿಂದ ತುಸು ಮುಂದಕ್ಕೆ ಬಾಗಿ, ಕೈಗಳು ನೇರ ಚಾಚಿರುತ್ತವೆ. ಒದೆತದಲ್ಲಿ ಮೊದಲು ಕಾಲು ನೀಳವಾಗುತ್ತದೆ. ಕಾಲು ಇನ್ನೇನು ನೇರವಾಗುವ ಹೊತ್ತಿಗೆ ಮೈ ಹಿಂದಕ್ಕೆ ತೆರೆಯುತ್ತದೆ. ಕೊನೆಗೆ ಮೊಣಕೈ ಮಡಿಚಿ ಹಿಡಿಕೆ ಪಕ್ಕೆಲುಬಿನ ಕೆಳ ಅಂಚನ್ನು ಮುಟ್ಟುತ್ತದೆ. ಮರಳುವಾಗ ಇದೆಲ್ಲ ತಿರುವುಮುರುವು. ಕಾಲು–ಮೈ–ಕೈ, ಆಮೇಲೆ ಕೈ–ಮೈ–ಕಾಲು ಎಂದು ನೆನಪಿಟ್ಟುಕೊಂಡರೆ ಸಾಕು. ಮರಳುವಿಕೆಗೆ ಒದೆತದ ಸುಮಾರು ಎರಡರಷ್ಟು ಸಮಯ ಕೊಡುವುದು ಸರಿಯಾದ ಲಯ.

ಈ ಕ್ರಮದಲ್ಲಿ ಬೆನ್ನು ಎಲ್ಲಿ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪಾದ ಹಲಗೆಯನ್ನು ಒದ್ದ ಕ್ಷಣದಲ್ಲಿ ಕೈ ಇನ್ನೂ ನೇರವಾಗಿರುತ್ತದೆ. ಕಾಲಿನ ಬಲ ಹಿಡಿಕೆಗೆ ತಲುಪಬೇಕಾದರೆ ನಡುವೆ ಸೊಂಟದಿಂದ ಹೆಗಲಿನವರೆಗಿನ ಮುಂಡ ಗಟ್ಟಿಯಾದ ಕಂಬದಂತೆ ನಿಲ್ಲಬೇಕು. ಬೆನ್ನುಮೂಳೆಯ ಎರಡೂ ಬದಿಯಲ್ಲಿ ಉದ್ದಕ್ಕೆ ಸಾಗುವ ಇರೆಕ್ಟರ್ ಸ್ಪೈನೆ ಸ್ನಾಯುಗಳು ಆಗ ಉದ್ದವನ್ನು ಬದಲಿಸದೆ ಬಿಗಿದು ನಿಲ್ಲುತ್ತವೆ. ಅವು ಸಡಿಲವಾದರೆ ಆಸನ ಹಿಂದಕ್ಕೆ ಓಡುತ್ತದೆ, ಹಿಡಿಕೆ ನಿಂತಲ್ಲೇ ನಿಲ್ಲುತ್ತದೆ, ನಡು ಗೂನಾಗುತ್ತದೆ. ಕಾಲಿನ ಕೆಲಸವೆಲ್ಲ ಹಾಳಾಗಿ, ಉಳಿದ ಎಳೆತವನ್ನು ಬಾಗಿದ ಸೊಂಟವೇ ಎತ್ತಬೇಕಾಗುತ್ತದೆ. ಕೆಲವು ಯಂತ್ರಗಳ ಪರದೆ ಪ್ರತಿ ಎಳೆತದ ಬಲವನ್ನು ಒಂದು ವಕ್ರರೇಖೆಯಾಗಿ ಬಿಡಿಸಿ ತೋರಿಸುತ್ತದೆ. ನಡು ಗಟ್ಟಿಯಿದ್ದವರ ರೇಖೆ ಒಂದೇ ನುಣುಪಾದ ಗುಡ್ಡ. ನಡು ಸಡಿಲವಾದವರದ್ದು ಎರಡು ಗುಡ್ಡ, ನಡುವೆ ಒಂದು ಕಣಿವೆ. ಕಾಲು ಮುಗಿದು ಬೆನ್ನು ಶುರುವಾಗುವ ಮೊದಲು ಬಲ ಸೋರಿದ ಜಾಗ ಅದು. ಬೆನ್ನಿಗೆ ಇಷ್ಟು ನೇರವಾಗಿ ತನ್ನ ತಪ್ಪನ್ನು ತೋರಿಸಿಕೊಡುವ ಸಾಧನ ಜಿಮ್‌ನಲ್ಲಿ ಇನ್ನೊಂದು ಸಿಗುವುದು ಕಷ್ಟ.

ಬೆನ್ನಿನ ಮೇಲ್ಭಾಗದ ಸರದಿ ಬರುವುದು ಮುಕ್ತಾಯದಲ್ಲಿ. ಹೆಗಲೆಲುಬುಗಳನ್ನು ಹಿಂದಕ್ಕೆ ಸೇರಿಸುವ ರಾಂಬಾಯ್ಡ್ ಮತ್ತು ನಡು ಟ್ರಪೀಜಿಯಸ್, ತೋಳನ್ನು ಮೈಯ ಕಡೆಗೆ ತರುವ ಲ್ಯಾಟಿಸಿಮಸ್ ಡಾರ್ಸೈ ಮತ್ತು ಟೆರೆಸ್ ಮೇಜರ್, ಹೆಗಲಿನ ಹಿಂಭಾಗದ ಡೆಲ್ಟಾಯ್ಡ್ ಇವೆಲ್ಲ ಇಲ್ಲಿ ಕುಗ್ಗುತ್ತವೆ. ಆದರೆ ಹಿಡಿಕೆ ಈ ಹಂತಕ್ಕೆ ಬರುವ ಹೊತ್ತಿಗೆ ಚಕ್ರ ಆಗಲೇ ವೇಗ ಪಡೆದಿರುತ್ತದೆ, ಬಲದ ರೇಖೆ ಇಳಿಯುತ್ತಿರುತ್ತದೆ. ಅಗಲ ಬೆನ್ನಿಗಾಗಿ ಜಿಮ್‌ಗೆ ಬರುವವರು ಬೆಳೆಸಲು ಬಯಸುವ ಸ್ನಾಯುಗಳಿಗೆ ಎಳೆತದ ಅತಿ ಹಗುರ ಭಾಗವೇ ಪಾಲಿಗೆ ಬರುತ್ತದೆ. ಇನ್ನೊಂದು ಮಿತಿಯೂ ಇದೆ. ತೋಳು ಎದೆಯ ಮಟ್ಟದಿಂದ ಪಕ್ಕೆಲುಬಿನವರೆಗೆ ಬರುತ್ತದೆಯೇ ಹೊರತು ತಲೆಯ ಮೇಲಿನಿಂದ ಕೆಳಕ್ಕೆ ಎಂದೂ ಬರುವುದಿಲ್ಲ. ಪುಲ್‌ಅಪ್ ಅಥವಾ ಲ್ಯಾಟ್ ಪುಲ್‌ಡೌನ್ ಮಾಡುವಾಗ ಲ್ಯಾಟಿಸಿಮಸ್ ಪೂರ್ತಿ ಹಿಗ್ಗಿ ಕುಗ್ಗುವ ಹರವು ಇಲ್ಲಿ ಇಲ್ಲ. ಕಾಲಿಗೆ 60, ಮುಂಡಕ್ಕೆ 20, ಕೈಗೆ 20 ಎಂದು ತರಬೇತುದಾರರು ಹೇಳಿಕೊಡುವ ಶೇಕಡಾವಾರು ಹಂಚಿಕೆ ಅಳೆದು ಸಿದ್ಧಪಡಿಸಿದ ನಿಯಮವಲ್ಲ, ಕಲಿಕೆಗೆಂದು ಮಾಡಿಕೊಂಡ ಸ್ಥೂಲ ಲೆಕ್ಕ. ಆದರೂ ಅದರ ದಿಕ್ಕು ಸರಿಯಾಗಿದೆ.

ಭಾರದ ಲೆಕ್ಕ

ವಾದವನ್ನು ಸಂಖ್ಯೆಗಳಲ್ಲಿಯೇ ಪರೀಕ್ಷಿಸಬಹುದು. ಯಂತ್ರ ವೇಗವನ್ನು 500 ಮೀಟರಿಗೆ ಎಷ್ಟು ಸಮಯ ಎಂದು ತೋರಿಸುತ್ತದೆ. ಒಂದು ಮೀಟರಿಗೆ ಹಿಡಿದ ಸೆಕೆಂಡುಗಳನ್ನು ಘನಕ್ಕೇರಿಸಿ, ಬಂದ ಸಂಖ್ಯೆಯಿಂದ 2.8ನ್ನು ಭಾಗಿಸಿದರೆ ವ್ಯಾಟ್‌ಗಳಲ್ಲಿ ಶಕ್ತಿ ಸಿಗುತ್ತದೆ. ಕಾನ್ಸೆಪ್ಟ್2 ಯಂತ್ರಗಳು ಬಳಸುವ ಸೂತ್ರ ಇದು. 500 ಮೀಟರಿಗೆ 2 ನಿಮಿಷ ಎಂಬುದು ತಕ್ಕಮಟ್ಟಿಗೆ ಅಭ್ಯಾಸವಿರುವವರ ವೇಗ. ಅದಕ್ಕೆ ಬೇಕಾಗುವ ಶಕ್ತಿ ಸುಮಾರು 203 ವ್ಯಾಟ್. ನಿಮಿಷಕ್ಕೆ 24 ಎಳೆತದಂತೆ ಹಂಚಿದರೆ ಒಂದು ಎಳೆತಕ್ಕೆ ಸುಮಾರು 506 ಜೂಲ್ ಕೆಲಸ. ಹಿಡಿಕೆ ಚಲಿಸುವ ದೂರವನ್ನು 1.35 ಮೀಟರ್ ಎಂದಿಟ್ಟುಕೊಂಡರೆ ಸರಾಸರಿ ಬಲ 375 ನ್ಯೂಟನ್, ಎಂದರೆ ಸುಮಾರು 38 ಕೆ.ಜಿ. ಭಾರದಷ್ಟು. ಆ 38 ಕೆ.ಜಿ.ಯನ್ನು ಕಾಲು, ಮುಂಡ, ಕೈ ಮೂರೂ ಸರದಿಯ ಮೇಲೆ ಎಳೆಯುತ್ತವೆ. 20 ನಿಮಿಷದಲ್ಲಿ ಹೀಗೆ 480 ಎಳೆತಗಳಾಗುತ್ತವೆ.

ಇದರ ಪಕ್ಕದಲ್ಲಿ ಕೇಬಲ್ ರೋ ಇಟ್ಟು ನೋಡಿ. 50 ಕೆ.ಜಿ., 10 ಎಳೆತದ 3 ಸೆಟ್, ಒಟ್ಟು 30 ಎಳೆತ. ಪ್ರತಿಯೊಂದರ ಪೂರ್ತಿ ಭಾರ ಬೆನ್ನು ಮತ್ತು ತೋಳಿನ ಮೇಲೆ, ಹೋಗುವಾಗಲೂ ಬರುವಾಗಲೂ. 10 ಎಳೆತ ಸುಲಭವಾದ ದಿನ ಒಂದು ಬಿಲ್ಲೆ ಹೆಚ್ಚಿಸಿದರಾಯಿತು. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್, ಗಾಯಗೊಂಡ ಸೈನಿಕರಿಗೆ ಭಾರವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆ ಕೊಟ್ಟು 1945ರಲ್ಲಿ ಅದರ ಫಲವನ್ನು ಪ್ರಕಟಿಸಿದ. ಬಲದ ತರಬೇತಿಯೆಲ್ಲ ಅಂದಿನಿಂದ ನಿಂತಿರುವುದು ಆ ಏರಿಕೆಯ ತತ್ವದ ಮೇಲೆ. ರೋಯಿಂಗ್ ಯಂತ್ರದಲ್ಲಿ ಏರಿಕೆ ಸುಲಭವಲ್ಲ, ಏಕೆಂದರೆ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 2 ನಿಮಿಷದ ವೇಗದಿಂದ 1 ನಿಮಿಷ 40 ಸೆಕೆಂಡಿಗೆ ಬರಲು 203 ವ್ಯಾಟ್ ಸಾಲದು, 350 ವ್ಯಾಟ್ ಬೇಕು. ಅಲ್ಲಿಗೆ ತಲುಪುವ ಮೊದಲೇ ಹೆಚ್ಚಿನವರ ಉಸಿರು ಸೋಲುತ್ತದೆ.

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಹಗುರ ಭಾರವನ್ನು ಸ್ನಾಯು ಸೋಲುವ ತನಕ ಎತ್ತಿದರೂ ಸ್ನಾಯು ಬೆಳೆಯುತ್ತದೆ ಎಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆಯಲ್ಲ? ನಿಜ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಫಿಲಿಪ್ಸ್ ಅವರ ತಂಡ ಗರಿಷ್ಠ ಸಾಮರ್ಥ್ಯದ ಶೇ. 30ರಷ್ಟು ಭಾರದಲ್ಲಿಯೂ, ಸೋಲುವ ತನಕ ಮಾಡಿದರೆ, ಬೆಳವಣಿಗೆ ಹೆಚ್ಚುಕಡಿಮೆ ಸಮವಾಗಿರುವುದನ್ನು ಕಂಡಿದೆ. ಆದರೆ ಆ ಫಲಿತಾಂಶದ ಜೀವಾಳ ‘ಸೋಲುವ ತನಕ’ ಎಂಬ ಮಾತಿನಲ್ಲಿದೆ. ರೋಯಿಂಗ್ ಯಂತ್ರದ ಮೇಲೆ ಮೊದಲು ಸೋಲುವುದು ಯಾವುದು? ಉಸಿರು, ಅದರ ಹಿಂದೆಯೇ ತೊಡೆ. ಲ್ಯಾಟಿಸಿಮಸ್ ತನ್ನ ಮಿತಿಯ ಹತ್ತಿರ ಬರುವುದಕ್ಕೆ ಎಷ್ಟೋ ಮೊದಲು ಎಳೆಯುವವರು ಹಿಡಿಕೆ ಬಿಟ್ಟಿರುತ್ತಾರೆ. ಎರಡನೆಯ ಆಕ್ಷೇಪ, ಡ್ಯಾಂಪರನ್ನು 10ಕ್ಕೆ ಇಟ್ಟರೆ ಭಾರ ಸಿಗುತ್ತದಲ್ಲ ಎಂಬುದು. ಸಿಗುವುದೇನೋ ಹೌದು, ಆದರೆ ಸಿಗುವುದು ತಪ್ಪಾದ ಜಾಗದಲ್ಲಿ. ಚಕ್ರ ನಿಧಾನವಾಗಿರುವ ಹಿಡಿತದ ಕ್ಷಣದಲ್ಲಿ, ಮೈ ಮುಂದಕ್ಕೆ ಬಾಗಿರುವಾಗ, ಹೆಚ್ಚುವರಿ ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಮೇಲ್ಬೆನ್ನಿಗೆ ಮುಟ್ಟುವುದು ಅಲ್ಪ.

ಮೂರನೆಯದು ಕಣ್ಣಿಗೆ ಕಾಣುವ ಸಾಕ್ಷಿ: ರೋಯಿಂಗ್ ಕ್ರೀಡಾಪಟುಗಳ ಬೆನ್ನು ಅಷ್ಟು ಬಲಿಷ್ಠವಾಗಿರುವುದು ಹೇಗೆ? ಅವರ ತರಬೇತಿಯಲ್ಲಿ ಎರ್ಗ್ ಮತ್ತು ನೀರಿನ ಅಭ್ಯಾಸದ ಜೊತೆಗೆ ಡೆಡ್‌ಲಿಫ್ಟ್, ಕ್ಲೀನ್, ಎತ್ತರದ ಬೆಂಚಿನ ಮೇಲೆ ಬೋರಲು ಮಲಗಿ ಬಾರ್ಬೆಲ್ ಎಳೆಯುವ ಬೆಂಚ್ ಪುಲ್ ಇವು ದಶಕಗಳಿಂದ ಸೇರಿವೆ. ರೋಯಿಂಗ್ ಒಂದರಿಂದಲೇ ಬೇಕಾದ ಬಲ ಬರುತ್ತಿದ್ದರೆ ಅವರು ಕಬ್ಬಿಣ ಎತ್ತುವ ಅಗತ್ಯವಿರುತ್ತಿರಲಿಲ್ಲ. ಇಷ್ಟಾದರೂ ಒಂದು ವಿನಾಯಿತಿಯನ್ನು ಒಪ್ಪಲೇಬೇಕು. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತ, ಯಾವ ವ್ಯಾಯಾಮವೂ ಇಲ್ಲದ ದೇಹಕ್ಕೆ ಮೊದಲ ಕೆಲವು ವಾರ 38 ಕೆ.ಜಿ.ಯ ಎಳೆತವೂ ಹೊಸ ಭಾರವೇ. ಅಂಥವರ ಬೆನ್ನು ರೋಯಿಂಗ್ ಯಂತ್ರದಿಂದಲೂ ಬಲಗೊಳ್ಳುತ್ತದೆ. ಅದು ಹೆಚ್ಚು ಕಾಲ ಮುಂದುವರಿಯುವುದಿಲ್ಲ, ಅಷ್ಟೆ.

ತಾಳಿಕೆಯ ಬೆಲೆ

ತಾಳಿಕೆಯನ್ನು ಬಲಕ್ಕಿಂತ ಕೀಳೆಂದು ಎಣಿಸುವುದು ತಪ್ಪಾಗುತ್ತದೆ. ಡೆನ್ಮಾರ್ಕಿನ ಬಿಯರಿಂಗ್–ಸೊರೆನ್‌ಸೆನ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸರಳ ಪರೀಕ್ಷೆಯಿತ್ತು. ಬೋರಲಾಗಿ ಮಲಗಿ, ಸೊಂಟದಿಂದ ಮೇಲಿನ ಭಾಗವನ್ನು ಮಂಚದ ಅಂಚಿನಿಂದಾಚೆ ಗಾಳಿಯಲ್ಲಿ ನೇರ ಹಿಡಿಯಬೇಕು. ಎಷ್ಟು ಹೊತ್ತು ಹಿಡಿಯಬಲ್ಲರು ಎಂಬುದೇ ಅಳತೆ. ಹೆಚ್ಚು ಹೊತ್ತು ಹಿಡಿಯಬಲ್ಲ ಗಂಡಸರಿಗೆ ಮುಂದಿನ ಒಂದು ವರ್ಷದಲ್ಲಿ ಮೊದಲ ಬಾರಿ ಸೊಂಟನೋವು ಕಾಣಿಸುವುದು ಕಡಿಮೆಯಿತ್ತು. ಬೆನ್ನಿಗೆ ದಿನನಿತ್ಯ ಬೇಕಾಗುವುದು ಒಮ್ಮೆ ಭಾರಿ ತೂಕ ಎತ್ತುವ ಬಲಕ್ಕಿಂತ, ಹೊತ್ತುಗಟ್ಟಲೆ ನೆಟ್ಟಗೆ ನಿಲ್ಲಿಸುವ ತಾಳಿಕೆ. ಗದ್ದೆಯಲ್ಲಿ ನಾಟಿ ಮಾಡುವವರಿಂದ ಹಿಡಿದು ಎಂಟು ಗಂಟೆ ಪರದೆಯ ಮುಂದೆ ಕೂರುವವರ ತನಕ ಎಲ್ಲರಿಗೂ ಇದು ಅನ್ವಯಿಸುತ್ತದೆ. ರೋಯಿಂಗ್ ಯಂತ್ರದ 480 ಎಳೆತಗಳು ಇರೆಕ್ಟರ್ ಸ್ಪೈನೆಗೆ ಅದೇ ಪಾಠವನ್ನು ಕಲಿಸುತ್ತವೆ: ಕೈಕಾಲು ಚಲಿಸುತ್ತಿರುವಾಗ ತಾನು ಅಲುಗದೆ ನಿಲ್ಲುವುದು. ಹೃದಯ ಮತ್ತು ಶ್ವಾಸಕೋಶಕ್ಕೆ ಆಗುವ ಲಾಭ ಇದರ ಜೊತೆಗೇ ಬರುತ್ತದೆ. ಮಂಡಿಗೆ ಪೆಟ್ಟು ಬೀಳದೆ ಇಡೀ ದೇಹವನ್ನು ದಣಿಸುವ ಸಾಧನವಾಗಿ ಇದಕ್ಕೆ ಸಾಟಿಯಾದವು ಕಡಿಮೆ.

ಬಗೆಗಳು

ತಡೆಯೊಡ್ಡುವ ವಿಧಾನವನ್ನು ಅನುಸರಿಸಿ ಯಂತ್ರಗಳಲ್ಲಿ ನಾಲ್ಕು ಬಗೆಗಳಿವೆ. ಗಾಳಿ ಮತ್ತು ನೀರಿನ ಯಂತ್ರಗಳಲ್ಲಿ ಜೋರಾಗಿ ಎಳೆದಷ್ಟೂ ತಡೆ ಹೆಚ್ಚುತ್ತದೆ. ಆಯಸ್ಕಾಂತದ ಯಂತ್ರದಲ್ಲಿ ತಡೆಯ ಮಟ್ಟವನ್ನು ಮೊದಲೇ ಗೊತ್ತುಮಾಡಿ ಇಡಲಾಗುತ್ತದೆ; ಸದ್ದಿಲ್ಲದ ಕಾರಣ ಮನೆಗಳಲ್ಲಿ ಇದರ ಬಳಕೆ ಹೆಚ್ಚು. ಪಿಸ್ಟನ್ ಯಂತ್ರ ಚಿಕ್ಕದು, ಅಗ್ಗದ್ದು, ಎರಡು ಕೈಗೆ ಎರಡು ಸನ್ನೆಗಳುಳ್ಳದ್ದು. ಅದರ ಆಸನ ಜಾರುವ ದೂರ ಕಡಿಮೆಯಿರುವುದರಿಂದ ಕೈ ಮತ್ತು ಬೆನ್ನಿನ ಪಾಲು ಹೆಚ್ಚು, ಆದರೆ ಸನ್ನೆಯ ದಾರಿ ದೇಹದ ಸಹಜ ದಾರಿಗೆ ಹೊಂದುವುದಿಲ್ಲ. ಇವಲ್ಲದೆ ಅಂಗವಿಕಲ ಕ್ರೀಡಾಪಟುಗಳಿಗೆ ಜಾರದ ಆಸನದ ಯಂತ್ರಗಳಿವೆ. ಪ್ಯಾರಾ ರೋಯಿಂಗ್‌ನ ಪಿಆರ್1 ವರ್ಗದವರು ಎದೆಗೆ ಪಟ್ಟಿ ಬಿಗಿದುಕೊಂಡು ಬರಿಯ ತೋಳು ಮತ್ತು ಹೆಗಲಿನಿಂದ ಎಳೆಯುತ್ತಾರೆ. ಮೇಲ್ಬೆನ್ನಿನ ವ್ಯಾಯಾಮ ಎಂಬ ಮಾತು ಪೂರ್ತಿ ಒಪ್ಪುವುದು ಈ ಬಗೆಗೆ.

ಬಳಕೆಯ ಕ್ರಮ

ಬೆನ್ನಿನ ವ್ಯಾಯಾಮದ ದಿನದಂದು ರೋಯಿಂಗ್ ಯಂತ್ರಕ್ಕೆ ಎರಡು ಸ್ಥಾನಗಳಿವೆ. ಆರಂಭದಲ್ಲಿ 5ರಿಂದ 8 ನಿಮಿಷ ಮೆಲ್ಲಗೆ, ನಿಮಿಷಕ್ಕೆ 18ರಿಂದ 20 ಎಳೆತದಂತೆ ಮಾಡಿದರೆ ಮೈ ಬಿಸಿಯಾಗುತ್ತದೆ, ಹೆಗಲೆಲುಬುಗಳು ಸಡಿಲವಾಗುತ್ತವೆ. ಕೊನೆಯಲ್ಲಿ, ಭಾರದ ಕೆಲಸ ಮುಗಿದ ಮೇಲೆ, 15ರಿಂದ 20 ನಿಮಿಷ ಮಾಡಿದರೆ ತಾಳಿಕೆಯ ಲಾಭ ಸಿಗುತ್ತದೆ. ಇವೆರಡರ ನಡುವೆ, ಅದರಲ್ಲೂ ಡೆಡ್‌ಲಿಫ್ಟ್ ಅಥವಾ ಬಾಗಿ ಎಳೆಯುವ ಬಾರ್ಬೆಲ್ ರೋಗೆ ಮುಂಚೆ, ದಣಿಯುವಷ್ಟು ಎಳೆಯಬಾರದು. ಬೆನ್ನುಮೂಳೆಯನ್ನು ಕಾಯಬೇಕಾದ ಸ್ನಾಯುಗಳು ಆಗಲೇ ಸೋತಿರುತ್ತವೆ. ಸೋತ ಇರೆಕ್ಟರ್‌ಗಳ ಮೇಲೆ ಭಾರ ಹೇರುವುದು ಜಿಮ್‌ಗಳಲ್ಲಿ ಕಾಣುವ ತಪ್ಪುಗಳಲ್ಲಿ ಅತ್ಯಂತ ದುಬಾರಿಯಾದದ್ದು. ದಪ್ಪ ಮತ್ತು ಬಲವೇ ಗುರಿಯಾದವರು ಕೇಬಲ್ ರೋ, ಪುಲ್‌ಅಪ್, ಒಂದು ಕೈಯ ಡಂಬೆಲ್ ರೋ ಇವನ್ನು ಮುಖ್ಯವಾಗಿಟ್ಟು, ರೋಯಿಂಗ್ ಯಂತ್ರವನ್ನು ವಾರಕ್ಕೆ ಎರಡು ಮೂರು ಬಾರಿಗೆ ಸೀಮಿತಗೊಳಿಸುವುದು ಯುಕ್ತ. ತಾಳಿಕೆಯ ತರಬೇತಿ ಅತಿಯಾದರೆ ಬಲದ ಬೆಳವಣಿಗೆ ಕುಂಠಿತವಾಗುತ್ತದೆಂದು ಸಂಶೋಧಕ ರಾಬರ್ಟ್ ಹಿಕ್‌ಸನ್ 1980ರಲ್ಲಿಯೇ ತೋರಿಸಿದ್ದಾರೆ.

ಅಪಾಯ ಮತ್ತು ಎಚ್ಚರ

ರೋಯಿಂಗ್ ಕ್ರೀಡಾಪಟುಗಳಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಸೊಂಟನೋವು. ಅರ್ಧ ಗಂಟೆಗೂ ಮೀರಿ ಬಿಡುವಿಲ್ಲದೆ ಎರ್ಗ್ ಮಾಡುವುದಕ್ಕೂ ಈ ನೋವಿಗೂ ನಂಟಿರುವುದನ್ನು ಅಧ್ಯಯನಗಳು ಗುರುತಿಸಿವೆ. ಜೋರಾದ ಎಳೆತದಲ್ಲಿ ಸೊಂಟದ ಬೆನ್ನುಮೂಳೆಯ ಮೇಲೆ ಬೀಳುವ ಒತ್ತಡ ದೇಹದ ತೂಕದ ನಾಲ್ಕು ಪಟ್ಟನ್ನು ಮೀರಬಹುದೆಂಬ ಅಂದಾಜಿದೆ. ಒತ್ತಡವೊಂದೇ ಕೇಡಲ್ಲ, ಬೆನ್ನುಮೂಳೆ ನೇರವಾಗಿದ್ದರೆ ಅದನ್ನು ತಾಳಬಲ್ಲದು. ಒತ್ತಡದ ಜೊತೆ ಬಾಗುವಿಕೆ ಸೇರಿ, ಅದು ಸಾವಿರಾರು ಬಾರಿ ಮರುಕಳಿಸಿದಾಗ ಮೂಳೆಗಳ ನಡುವಿನ ಡಿಸ್ಕ್ ಹಿಂಬದಿಗೆ ಉಬ್ಬಬಹುದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಹೋದ್ಯೋಗಿಗಳು ಹಂದಿಯ ಬೆನ್ನುಮೂಳೆಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಸಾಧಾರಣ ಒತ್ತಡದಲ್ಲಿಯೇ ಇದು ಸಂಭವಿಸಿತು. ಸತ್ತ ಮೂಳೆ ದುರಸ್ತಿಯಾಗುವುದಿಲ್ಲ, ಜೀವಂತ ದೇಹ ಭಾರಕ್ಕೆ ಹೊಂದಿಕೊಳ್ಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗೆಂದು ಬಾಗಿದ ನಡುವಿನಿಂದ ಎಳೆಯುವುದನ್ನು ಸಮರ್ಥಿಸಲು ಅದು ಸಾಕಾಗುವುದಿಲ್ಲ, ಏಕೆಂದರೆ ಹಾಗೆ ಎಳೆಯುವುದರಿಂದ ವೇಗವೂ ಹೆಚ್ಚುವುದಿಲ್ಲ.

ನಡು ಬಾಗುವುದಕ್ಕೆ ಬಹುಸಾರಿ ಕಾರಣ ಬೆನ್ನಲ್ಲ, ತೊಡೆಯ ಹಿಂಭಾಗ. ಅಲ್ಲಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಬಿಗಿಯಾಗಿದ್ದರೆ ಮುಂದಕ್ಕೆ ಹೋಗುವಾಗ ಸೊಂಟದ ಮೂಳೆ ತಿರುಗಲು ಒಪ್ಪುವುದಿಲ್ಲ, ಕೊರತೆಯನ್ನು ನಡು ತುಂಬಿಕೊಡುತ್ತದೆ. ಪಾದದ ಹಲಗೆಯನ್ನು ತುಸು ಕೆಳಕ್ಕಿಳಿಸಿದರೆ, ಇಲ್ಲವೆ ಮುಂದಕ್ಕೆ ಹೋಗುವ ದೂರವನ್ನು ಒಂದೆರಡು ಅಂಗುಲ ಕಡಿಮೆ ಮಾಡಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಬೆಳಗಿನ ಜಾವ ಜಿಮ್‌ಗೆ ಹೋಗುವವರಿಗೆ ಇನ್ನೊಂದು ವಿಷಯ ಮುಖ್ಯ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಹೊಸತರಲ್ಲಿ ಬಾಗಿದರೆ ಅವುಗಳ ಮೇಲಿನ ಒತ್ತಡ ಹಗಲಿಗಿಂತ ಹೆಚ್ಚು. ಆ ಉಬ್ಬು ಬಹುಪಾಲು ಇಳಿಯುವುದು ಎದ್ದ ಮೊದಲ ಗಂಟೆಯಲ್ಲಿ. ಹಾಸಿಗೆಯಿಂದ ಎದ್ದು ಹತ್ತೇ ನಿಮಿಷದಲ್ಲಿ ಎರ್ಗ್ ಮೇಲೆ ಕೂರುವುದಕ್ಕಿಂತ ಸ್ವಲ್ಪ ಓಡಾಡಿ, ಬೇರೆ ವ್ಯಾಯಾಮ ಮುಗಿಸಿ ಕೂರುವುದು ಕ್ಷೇಮ. ಕಾಲಿಗೆ ಇಳಿಯುವ ನೋವು, ಜೋಮು ಇದ್ದವರು ವೈದ್ಯರನ್ನು ಕಾಣದೆ ಈ ಯಂತ್ರವನ್ನು ಬಳಸಬಾರದು.

ಇಂದಿನ ಸ್ಥಿತಿ

ಒಳಾಂಗಣ ರೋಯಿಂಗ್ ಈಗ ಸ್ವತಂತ್ರ ಕ್ರೀಡೆ. 2017ರಲ್ಲಿ ಪೋಲೆಂಡಿನ ವ್ರೋಟ್ಸ್ವಾಫ್‌ನಲ್ಲಿ ನಡೆದ ವಿಶ್ವ ಕ್ರೀಡೆಗಳಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. 2018ರಲ್ಲಿ ಅಮೆರಿಕದ ಅಲೆಕ್ಸಾಂಡ್ರಿಯಾದಲ್ಲಿ ಮೊದಲ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ ನಡೆಯಿತು. ಸ್ಪರ್ಧೆಯ ಮಾನದಂಡ 2000 ಮೀಟರ್. ಕ್ರಾಸ್‌ಫಿಟ್ ಮತ್ತು ಹೈರಾಕ್ಸ್ ಪಂದ್ಯಗಳ ಮೂಲಕ ಯಂತ್ರ ನೀರಿನ ಪರಿಚಯವೇ ಇಲ್ಲದವರಿಗೂ ತಲುಪಿದೆ. ಹೈರಾಕ್ಸ್‌ನಲ್ಲಿ 1000 ಮೀಟರ್ ರೋಯಿಂಗ್ ಒಂದು ಕಡ್ಡಾಯ ಘಟ್ಟ. ಭಾರತದಲ್ಲಿ ರೋಯಿಂಗ್ ಕ್ರೀಡೆಯ ಬೆನ್ನೆಲುಬು ಸೇನೆ. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ರೋಯಿಂಗ್‌ನಲ್ಲಿ ದೇಶಕ್ಕೆ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಸೈನಿಕರು. ಸೇನೆಯ ತರಬೇತಿ ಕೇಂದ್ರ ಪುಣೆಯಲ್ಲಿದೆ.

ನಗರಗಳ ದೊಡ್ಡ ಜಿಮ್‌ಗಳಲ್ಲಿ ರೋಯಿಂಗ್ ಯಂತ್ರ ಈಗ ಮಾಮೂಲು. ಬಡಾವಣೆಯ ಚಿಕ್ಕ ಜಿಮ್‌ಗೆ ಮಾತ್ರ ಜಾಗದ ಪ್ರಶ್ನೆ ಎದುರಾಗುತ್ತದೆ: ಯಂತ್ರದ ಉದ್ದ ಸುಮಾರು 8 ಅಡಿ, ಬಳಸಲು ಬಿಡಬೇಕಾದ ಜಾಗ 9 ಅಡಿಗೆ 4 ಅಡಿ. ಅಷ್ಟು ಜಾಗದಲ್ಲಿ ಒಂದನ್ನೇ ಇಡಲು ಸಾಧ್ಯವಿದ್ದರೆ, ಬೆನ್ನಿನ ಬಲಕ್ಕಾಗಿ ಬರುವವರ ದೃಷ್ಟಿಯಿಂದ ಮೊದಲು ಕೊಳ್ಳಬೇಕಾದದ್ದು ಕೇಬಲ್ ರೋ.